ಪಾದರಕ್ಷೆ ಕಾಲು ಬದಲಿಸಿದಾಗ

ಆಂಗ್ಲಭಾಷೆಯಲ್ಲಿ ‘ಪಾದರಕ್ಷೆಯು ಈಗ ಇನ್ನೊಂದು ಕಾಲಿನಲ್ಲಿದೆ’ ಎಂಬರ್ಥದ ನುಡಿಗಟ್ಟೊಂದುಂಟು. ಇಂಗ್ಲೆಂಡಿನವರು ಬೂಟೆಂದೂ ಅಮೆರಿಕದವರು ಷೂ ಎಂದೂ ಹೇಳುವರು, ಭಾವವೊಂದೇ. ನಿನ್ನೆ ಆಳಿದವನು ಇಂದು ಆಳಾಗಿ, ನಿನ್ನೆ ಬೇಡಿದವನು ಇಂದು ಕೊಡುವವನಾಗಿ ನಿಂತಾಗ ಈ ಮಾತು ಹೊರಡುವುದು. ಆ ದೇಶಗಳಲ್ಲಿ ಬಹುಕಾಲ ಎಡಬಲಗಳ ಭೇದವಿಲ್ಲದ ಜೋಡುಗಳನ್ನೇ ತೊಡುತ್ತಿದ್ದರು. ಆ ಭೇದವು ಸರ್ವಸಾಮಾನ್ಯವಾದುದು 19ನೆಯ ಶತಮಾನದಲ್ಲಿ. ನಮ್ಮ ಮನೆಗಳಲ್ಲಿ ಇದೇ ಭಾವವನ್ನು ‘ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ’ ಎಂದು ಹೇಳುವೆವು.

ಆದರೆ ಈ ಮಾತನ್ನಾಡುವಾಗ ನಮ್ಮ ಮನಸ್ಸಿನಲ್ಲಿರುವುದೇನು? ಬಹುಮಟ್ಟಿಗೆ ‘ಈಗ ತಿಳಿಯಿತೇ?’ ಎಂಬ ಸಂತೋಷವೇ ಸರಿ. ಈ ಸಂತೋಷವು ಧರ್ಮಸಮ್ಮತವೇ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಮಹಾಭಾರತದ ದ್ರೋಣದ್ರುಪದರನ್ನು ನೆನೆಯೋಣ. ಸಖನೆಂದು ಬಂದ ಬಡಬ್ರಾಹ್ಮಣನನ್ನು, ಸಮಾನರಲ್ಲದವರಿಗೆ ಸಖ್ಯವೆಲ್ಲಿಯದೆಂದು ದ್ರುಪದನು ಹೀಯಾಳಿಸಿದನು. ದ್ರೋಣನು ಶಿಷ್ಯರಿಂದ ಅವನನ್ನು ಹಿಡಿತರಿಸಿ, ಅರ್ಧರಾಜ್ಯವನ್ನು ತಾನಿರಿಸಿಕೊಂಡು, ಈಗ ನಾವು ಸಮಾನರೆಂದನು. ಅಲ್ಲಿಗೆ ಲೆಕ್ಕ ಚುಕ್ತವಾಯಿತೇ? ಇಲ್ಲ. ದ್ರುಪದನು ಯಜ್ಞದಿಂದ ಧೃಷ್ಟದ್ಯುಮ್ನನನ್ನು ಪಡೆದನು. ಅವನು ಶಸ್ತ್ರವಿಳಿಸಿದ ದ್ರೋಣನ ತಲೆಯನ್ನು ಕಡಿದನು. ನಿದ್ರಿಸುತ್ತಿದ್ದ ಅವನನ್ನು ಅಶ್ವತ್ಥಾಮನು ಕೊಂದನು. ಪಾದರಕ್ಷೆಯು ಕಾಲಿಂದ ಕಾಲಿಗೆ ಹೋಯಿತೇ ಹೊರತು ಒತ್ತುವುದು ನಿಲ್ಲಲಿಲ್ಲ.

ದಂಡನೆಯಿಲ್ಲದೆ ದರ್ಪಿಷ್ಠನು ಕಲಿಯುವನೇ ಎಂದು ಕೆಲವರು ಕೇಳಬಹುದು. ದಂಡನೆ ನ್ಯಾಯಾಧಿಕಾರಿಯ ಕೆಲಸ. ಅದನ್ನು ನಾನು ಅಲ್ಲಗಳೆಯೆನು. ನನ್ನ ಆಕ್ಷೇಪವಿರುವುದು ನೋಡಿ ನಲಿಯುವ ಬುದ್ಧಿಗೆ. ಮೊದಲು ನೋಯಿಸಿದವನಿಗೆ ಜೋಡು ಎಲ್ಲಿ ಒತ್ತುವುದೆಂಬುದು ತಿಳಿಯದಿದ್ದಿರಬಹುದು. ಅದನ್ನು ತೊಟ್ಟು ನೊಂದವನಿಗೋ ಚೆನ್ನಾಗಿ ತಿಳಿದಿದೆ. ತಿಳಿದೂ ಅದನ್ನೇ ಪರರಿಗೆ ತೊಡಿಸಿದರೆ ಅವನ ತಪ್ಪು ಮೊದಲಿನವನದಕ್ಕಿಂತ ಹಿರಿದು.

ಇದನ್ನು ನಾನು ಕಲಿತದ್ದು ಗ್ರಂಥದಿಂದಲ್ಲ. ಈಚೆಗೆ ಮೊಬೈಲಿನಲ್ಲಿ ಹಣ ಕಳುಹಿಸುವ ಕ್ರಮವನ್ನು ಮೊಮ್ಮಗನಿಂದ ಕಲಿಯುತ್ತಿದ್ದೆನು. ಮೂರನೆಯ ಬಾರಿ ತಪ್ಪಿದಾಗ ಅವನು, “ಎಷ್ಟು ಸಲ ಹೇಳೋದು ತಾತ, ಇಷ್ಟೂ ಗೊತ್ತಾಗಲ್ವಾ?” ಎಂದನು. ಶಬ್ದರೂಪಗಳನ್ನು ತಪ್ಪಿದ ಬಾಲಕರಿಗೆ ಮೂವತ್ತು ವರ್ಷ ನಾನು ಆಡಿದ ಮಾತೂ ಅದೇ! ಬೆರಳು ನಡುಗಿತು, ತಿಳಿದಿದ್ದುದೂ ಮರೆತುಹೋಯಿತು. ಅವಮಾನಿತನಾದವನಿಗೆ ವಿದ್ಯೆ ಹತ್ತದೆಂಬುದು ಅಂದು ನನಗೆ ಗೊತ್ತಾಯಿತು.

ಮೊಮ್ಮಗನನ್ನು ನಾನು ಗದರಲಿಲ್ಲ. ಆ ಹಳೆಯ ತರಗತಿಯ ಕಥೆಯನ್ನು ಹೇಳಿದೆನು. ಅವನು ಸುಮ್ಮನಿದ್ದು, ಮತ್ತೆ ಮೊದಲಿನಿಂದ ಮೆಲ್ಲಗೆ ತೋರಿಸಿಕೊಟ್ಟನು. ಈ ನುಡಿಗಟ್ಟಿನ ಸದುಪಯೋಗವಿದೇ ಎಂದು ನನಗೆ ತೋರುತ್ತದೆ: ಪರರನ್ನು ಚುಚ್ಚುವುದಕ್ಕಲ್ಲ, ತನ್ನನ್ನು ತಾನು ಕೇಳಿಕೊಳ್ಳುವುದಕ್ಕೆ. ನನ್ನ ಆ ವಿದ್ಯಾರ್ಥಿಗಳು ಇಂದು ನಡುವಯಸ್ಸಿನವರಾಗಿ ಎಲ್ಲೆಲ್ಲಿಯೋ ಇರುವರು. ಅವರಲ್ಲಿ ಯಾರಾದರೂ ಇದನ್ನು ಓದಿದರೆ, ಅವರ ಗುರುವು ತಡವಾಗಿಯಾದರೂ ಪಾಠ ಕಲಿತನೆಂದು ತಿಳಿಯಲಿ.