ಸ್ನೇಹದ ಕಾಣಿಕೆಯೂ ನ್ಯಾಯಪೀಠವೂ

ಲಂಚವನ್ನು ತೆಗೆದುಕೊಂಡು ತೀರ್ಪನ್ನು ಮಾರಿಕೊಳ್ಳುವ ನ್ಯಾಯಾಧೀಶನು ಅಪರಾಧಿಯೆಂಬುದನ್ನು ತಿಳಿಯಲು ತತ್ತ್ವವಿಚಾರದ ನೆರವು ಬೇಕಾಗಿಲ್ಲ. ವಿಚಾರಕ್ಕೆ ಕಷ್ಟವಾಗುವ ಸಂದರ್ಭ ಬೇರೆ. ಅಲ್ಲಿ ಕೊಡುವವನು ಏನನ್ನೂ ಕೇಳುವುದಿಲ್ಲ; ಕೊಳ್ಳುವವನು ಪ್ರತಿಯಾಗಿ ಏನನ್ನೂ ಮಾಡಿಕೊಡುವುದಿಲ್ಲ; ಇಬ್ಬರ ನಡುವೆ ಇರುವುದು ಅನೇಕ ವರ್ಷಗಳ ನಿಜವಾದ ಮೈತ್ರಿ; ಅವರಲ್ಲೊಬ್ಬನು ಅಪಾರ ಧನಿಕ, ಇನ್ನೊಬ್ಬನು ನ್ಯಾಯಾಧೀಶ. ಇಂತಹ ಕಾಣಿಕೆಯಲ್ಲಿ ದೋಷವುಂಟೆ, ಉಂಟಾದರೆ ಅದು ಎಲ್ಲಿ ಅಡಗಿದೆ ಎಂಬ ಪ್ರಶ್ನೆಯು ನಿಷ್ಪಕ್ಷಪಾತವೆಂಬ ತತ್ತ್ವದ ಮರ್ಮವನ್ನೇ ಮುಟ್ಟುತ್ತದೆ.

ಈ ಪ್ರಶ್ನೆ ನಮ್ಮ ಕಾಲದಲ್ಲಿ ತೀಕ್ಷ್ಣವಾಗಿ ಎದ್ದದ್ದು ಅಮೆರಿಕದಲ್ಲಿ. ಅಲ್ಲಿಯ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಕ್ಲಾರೆನ್ಸ್ ಥಾಮಸ್ ಅವರು ಟೆಕ್ಸಾಸಿನ ಕೋಟ್ಯಧೀಶ ಹಾರ್ಲನ್ ಕ್ರೋ ಅವರ ಆತಿಥ್ಯದಲ್ಲಿ ಸುಮಾರು ಎರಡು ದಶಕಗಳ ಕಾಲ ಖಾಸಗಿ ವಿಮಾನದಲ್ಲಿಯೂ ವಿಹಾರನೌಕೆಯಲ್ಲಿಯೂ ಪ್ರವಾಸ ಮಾಡುತ್ತ ಬಂದಿದ್ದರೆಂದು 2023ರ ಏಪ್ರಿಲ್ ತಿಂಗಳಲ್ಲಿ ಪ್ರೊಪಬ್ಲಿಕಾ ಎಂಬ ಸುದ್ದಿಸಂಸ್ಥೆಯು ಪ್ರಕಟಿಸಿತು. ಥಾಮಸ್ ಅವರ ತಾಯಿ ವಾಸಿಸುತ್ತಿದ್ದ ಮನೆಯನ್ನು 2014ರಲ್ಲಿ ಕೊಂಡವರೂ ಕ್ರೋ ಅವರೇ ಎಂಬುದು ಅನಂತರ ತಿಳಿದುಬಂದಿತು. ಇಪ್ಪತ್ತೈದು ವರ್ಷಗಳಿಗೂ ಮೀರಿದ ಗೆಳೆತನ ತಮ್ಮದೆಂದೂ, ನ್ಯಾಯಾಲಯದ ಮುಂದೆ ವ್ಯವಹಾರವಿಲ್ಲದ ಆಪ್ತಮಿತ್ರರ ಆತಿಥ್ಯವನ್ನು ಘೋಷಿಸಬೇಕಾಗಿಲ್ಲವೆಂಬ ಸಲಹೆಯನ್ನು ಅನುಸರಿಸಿದೆನೆಂದೂ ಥಾಮಸ್ ಉತ್ತರಕೊಟ್ಟರು. ಈ ಉತ್ತರವನ್ನು ಕಪಟವೆಂದು ತಳ್ಳಿಹಾಕದೆ, ಸತ್ಯವೆಂದೇ ಒಪ್ಪಿಕೊಂಡು ಮುಂದೆ ವಿಚಾರಿಸುವುದು ಉಚಿತ. ಏಕೆಂದರೆ ತತ್ತ್ವದ ಪರೀಕ್ಷೆ ನಡೆಯುವುದು ಆಗಲೇ.

ನಾಲ್ಕು ಶತಮಾನಗಳ ಹಿಂದೆ ಫ್ರಾನ್ಸಿಸ್ ಬೇಕನ್ ಈ ಪರೀಕ್ಷೆಗೆ ಗುರಿಯಾದನು. ಇಂಗ್ಲೆಂಡಿನ ಲಾರ್ಡ್ ಚಾನ್ಸಲರ್ ಆಗಿದ್ದ ಆತನು ವ್ಯಾಜ್ಯಗಾರರಿಂದ ಹಣ ಪಡೆದನೆಂಬ ಆರೋಪವನ್ನು 1621ರಲ್ಲಿ ಪಾರ್ಲಿಮೆಂಟಿನ ಮುಂದೆ ಒಪ್ಪಿಕೊಂಡು, 40,000 ಪೌಂಡುಗಳ ದಂಡಕ್ಕೂ ಪದಚ್ಯುತಿಗೂ ಒಳಗಾದನು. ಆದರೆ ಕಾಣಿಕೆಯಿಂದ ತನ್ನ ತೀರ್ಪು ಎಂದೂ ಬಾಗಲಿಲ್ಲವೆಂಬುದು ಅವನ ದೃಢವಾದ ಮಾತು. ದೂರುಕೊಟ್ಟ ಆಬ್ರಿ, ಎಗರ್ಟನ್ ಎಂಬವರು ಹಣವನ್ನು ಕೊಟ್ಟೂ ತಮಗೆ ಪ್ರತಿಕೂಲವಾದ ತೀರ್ಪನ್ನು ಪಡೆದವರಾದ್ದರಿಂದ, ಆ ಮಾತನ್ನು ನಂಬಲು ಆಧಾರವೂ ಉಂಟು. ಐವತ್ತು ವರ್ಷಗಳಲ್ಲಿ ಇಂಗ್ಲೆಂಡು ಕಂಡ ಅತ್ಯಂತ ನ್ಯಾಯವಂತನಾದ ನ್ಯಾಯಾಧೀಶನು ತಾನೇ ಎಂದೂ, ಆದರೂ ಪಾರ್ಲಿಮೆಂಟು ಇನ್ನೂರು ವರ್ಷಗಳಲ್ಲಿ ವಿಧಿಸಿದ ಅತ್ಯಂತ ನ್ಯಾಯವಾದ ಶಿಕ್ಷೆಯು ತನ್ನದೇ ಎಂದೂ ಬೇಕನ್ ಹೇಳಿಕೊಂಡನು. ಈ ಎರಡು ಮಾತುಗಳೂ ಏಕಕಾಲದಲ್ಲಿ ಸತ್ಯವಾಗಿರಬಲ್ಲವು.

ಅದು ಹೇಗೆ? ನಿಷ್ಪಕ್ಷಪಾತವನ್ನು ನಾವು ನ್ಯಾಯಾಧೀಶನ ಮನಸ್ಸಿನೊಳಗಿನ ಒಂದು ಗುಣವೆಂದು ಭಾವಿಸಿ, ಆತನು ತನ್ನ ಅಂತರಂಗವನ್ನು ಶೋಧಿಸಿಕೊಂಡು ಅಲ್ಲಿ ಒಲವನ್ನು ಕಾಣದಿದ್ದರೆ ಸಾಕೆನ್ನುತ್ತೇವೆ. ಆದರೆ ಉಪಕಾರಸ್ಮರಣೆಯು ಅಂತಹ ಶೋಧನೆಗೆ ಸಿಕ್ಕುವ ವಸ್ತುವಲ್ಲ. ಲಂಚದ ಆಸೆಯು ದುರ್ಗುಣವಾದ್ದರಿಂದ ಸಜ್ಜನನು ಅದನ್ನು ಗುರುತಿಸಿ ದೂರವಿಡಬಲ್ಲನು. ಕೃತಜ್ಞತೆಯಾದರೋ ಸದ್ಗುಣ, ಸಜ್ಜನನಲ್ಲಿಯೇ ಅದು ಪ್ರಬಲ. ಉಂಡ ಮನೆಗೆ ಎರಡು ಬಗೆಯಬಾರದೆಂದು ಮಕ್ಕಳಿಗೆ ಕಲಿಸುವವರು ನಾವೇ ಅಲ್ಲವೆ? ಕೊಟ್ಟದ್ದನ್ನು ಸ್ವೀಕರಿಸಿದವನಿಗೆ ಮರಳಿ ಕೊಡುವ ಬಾಧ್ಯತೆಯೂ ಒದಗುತ್ತದೆಂಬುದನ್ನು ಫ್ರೆಂಚ್ ವಿದ್ವಾಂಸ ಮಾರ್ಸೆಲ್ ಮೋಸ್ ಅನೇಕ ಸಮಾಜಗಳ ಆಚಾರಗಳಿಂದ ತೋರಿಸಿಕೊಟ್ಟನು. ಸಮಾನರಲ್ಲಿ ಆ ಋಣವು ಇಂದು ನನ್ನ ಮನೆಯ ಊಟ, ನಾಳೆ ನಿನ್ನ ಮನೆಯ ಊಟ ಎಂಬ ರೀತಿಯಲ್ಲಿ ತೀರುತ್ತ ಹೋಗುತ್ತದೆ. ಸಂಬಳದ ನ್ಯಾಯಾಧೀಶನು ವಿಹಾರನೌಕೆಯ ಪ್ರವಾಸವನ್ನು ಹಾಗೆ ತೀರಿಸಲಾರನು. ಧನಿಕನಲ್ಲಿ ಇಲ್ಲದೆ ಆತನಲ್ಲಿ ಇರುವುದು ಒಂದೇ, ಅದು ಅಧಿಕಾರ. ಮತ್ತು ಅದು ಆತನ ಸ್ವಂತ ಆಸ್ತಿಯಲ್ಲ.

ಆದಕಾರಣ ನಿಷ್ಪಕ್ಷಪಾತವು ನ್ಯಾಯಾಧೀಶನು ತನ್ನಲ್ಲಿ ತಾನು ಕಾಣುವ ಗುಣವೆನ್ನುವುದಕ್ಕಿಂತ, ಕಟಕಟೆಯ ಮುಂದೆ ನಿಂತ ಅಪರಿಚಿತನಿಗೆ ಆತನು ಸಲ್ಲಿಸಬೇಕಾದ ಕರ್ತವ್ಯವೆನ್ನುವುದೇ ಸರಿ. ಆ ಅಪರಿಚಿತನಿಗೆ ನ್ಯಾಯಾಧೀಶನ ಅಂತರಂಗವನ್ನು ಹೊಕ್ಕು ನೋಡುವ ದಾರಿಯಿಲ್ಲ. ಆತನನ್ನು ತನ್ನ ವಿಮಾನದಲ್ಲಿ ಕರೆದೊಯ್ಯುವ ಶಕ್ತಿಯಂತೂ ಇಲ್ಲವೇ ಇಲ್ಲ. ಹಂಗಿಲ್ಲದ ಬಾಳನ್ನು ಕಣ್ಣಾರೆ ಕಂಡು ಮಾತ್ರ ಅವನು ನ್ಯಾಯಾಧೀಶನನ್ನು ನಂಬಬಲ್ಲನು. ಕಾಣಿಕೆಯನ್ನು ಮುಟ್ಟಿದ ಕ್ಷಣದಲ್ಲಿಯೇ, ಎಂದರೆ ತೀರ್ಪಿಗೆ ಬಹಳ ಮೊದಲೇ, ಆ ನಂಬಿಕೆಗೆ ದ್ರೋಹವಾಗಿರುತ್ತದೆ.

ಇದು ಪಾಶ್ಚಾತ್ಯರಿಗಷ್ಟೇ ಹೊಳೆದ ಸೂಕ್ಷ್ಮವಲ್ಲ. ಸಭ್ಯರು, ಎಂದರೆ ರಾಜನು ನಿಯಮಿಸಿದ ನ್ಯಾಯನಿರ್ಣಾಯಕರು, ಶತ್ರುಮಿತ್ರರಲ್ಲಿ ಸಮರಾಗಿರಬೇಕೆಂದು ವಿಧಿಸುವ ಯಾಜ್ಞವಲ್ಕ್ಯಸ್ಮೃತಿಯು, ಧರ್ಮವನ್ನು ಮೀರಿ ತೀರ್ಮಾನಿಸಲು ಕಾರಣಗಳಾಗುವ ರಾಗ, ಲೋಭ, ಭಯಗಳನ್ನು ಬೇರೆಬೇರೆಯಾಗಿ ಎಣಿಸಿ, ಮೂರಕ್ಕೂ ಇಮ್ಮಡಿ ದಂಡವನ್ನು ಹೇಳುತ್ತದೆ. ನಮ್ಮ ಕಲ್ಯಾಣದಲ್ಲಿ ಚಾಲುಕ್ಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದು ಅದಕ್ಕೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಆ ರಾಗವನ್ನು ಸ್ನೇಹಾತಿಶಯವೆಂದು ವಿವರಿಸಿದನು. ಸ್ನೇಹದಿಂದ ದಾರಿತಪ್ಪಿದವನಿಗೆ ಲೋಭಿಗಿಂತ ಕಡಿಮೆಯ ಶಿಕ್ಷೆಯಿಲ್ಲ.

ಮಿತ್ರನ ಮೊಕದ್ದಮೆಯೇ ನ್ಯಾಯಾಲಯದ ಮುಂದೆ ಇಲ್ಲವಲ್ಲ ಎಂಬ ಸಮಾಧಾನವು ಉನ್ನತ ನ್ಯಾಯಾಲಯಗಳ ವಿಷಯದಲ್ಲಿ ದುರ್ಬಲವಾದುದು. ತೆರಿಗೆ, ಭೂಮಿ, ಕಾರ್ಮಿಕರ ಹಕ್ಕು, ಕಂಪನಿಗಳ ಹೊಣೆ ಮೊದಲಾದ ವಿಷಯಗಳಲ್ಲಿ ಅಲ್ಲಿ ಆಗುವ ನಿರ್ಣಯವು ವಾದಿಪ್ರತಿವಾದಿಗಳನ್ನು ದಾಟಿ ದೇಶದ ಧನಿಕರೆಲ್ಲರನ್ನೂ ಬಡವರೆಲ್ಲರನ್ನೂ ತಟ್ಟುತ್ತದೆ. ವರ್ಷವರ್ಷವೂ ಯಾರ ಸಂಗಡ ವಿರಾಮವನ್ನು ಕಳೆದು, ಯಾರ ಚಿಂತೆಗಳನ್ನು ಊಟದ ಮೇಜಿನ ಬಳಿ ಆಲಿಸುತ್ತೇವೆಯೋ ಅವರ ಲೋಕವೇ ನಮಗೆ ಸಹಜವಾಗಿ ತೋರತೊಡಗುವುದು ಮನುಷ್ಯಸ್ವಭಾವ. ಕೆಲವೊಮ್ಮೆ ಮೊಕದ್ದಮೆಯೂ ಬರುವುದುಂಟು: 2008ರಲ್ಲಿ ಅಮೆರಿಕದ ಅದೇ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಸ್ಯಾಮ್ಯುಯೆಲ್ ಅಲಿಟೋ ಅವರು ಅಲಾಸ್ಕಕ್ಕೆ ಪಯಣಿಸಿದ್ದು ಪಾಲ್ ಸಿಂಗರ್ ಎಂಬ ಧನಿಕರ ವಿಮಾನದಲ್ಲಿ, 2014ರಲ್ಲಿ ಅರ್ಜೆಂಟೀನದ ಸಾಲದ ಮೊಕದ್ದಮೆಯಲ್ಲಿ ಸಿಂಗರ್ ಅವರ ಹೂಡಿಕೆಸಂಸ್ಥೆಗೆ ಅನುಕೂಲವಾದ ಬಹುಮತದಲ್ಲಿ ಅಲಿಟೋ ಇದ್ದರು. ಸಿಂಗರ್ ಅವರ ಸಂಬಂಧ ತಮಗೆ ತಿಳಿದಿರಲಿಲ್ಲವೆಂದೂ, ಆ ಆಸನವು ಇಲ್ಲವಾದರೆ ಖಾಲಿಯಾಗಿಯೇ ಹೋಗುತ್ತಿತ್ತೆಂದೂ ಅವರು ಸಮರ್ಥಿಸಿಕೊಂಡರು. ಕೊಟ್ಟವನಿಗೆ ಖರ್ಚಾಗಲಿಲ್ಲವೆಂಬುದರಿಂದ ಪಡೆದವನ ಋಣವು ಕಡಿಮೆಯಾದೀತೆ?

ಹಾಗಾದರೆ ನ್ಯಾಯಾಧೀಶನು ಸ್ನೇಹವನ್ನೇ ತೊರೆದು ಸಂನ್ಯಾಸಿಯಂತೆ ಬಾಳಬೇಕೆ ಎಂದು ಕೇಳಬಹುದು. ಹಾಗೇನೂ ಇಲ್ಲ. ಮಿತ್ರರಿಲ್ಲದ ಮನುಷ್ಯನು ಮನುಷ್ಯರ ಜಗಳಗಳನ್ನು ಅರ್ಥಮಾಡಿಕೊಳ್ಳಲಾರನು. 2001ರಲ್ಲಿ ಬೆಂಗಳೂರಿನಲ್ಲಿ ಕರಡಾಗಿ, 2002ರಲ್ಲಿ ಹೇಗ್ ನಗರದಲ್ಲಿ ಪರಿಷ್ಕೃತವಾಗಿ, ನಮ್ಮ ನಗರದ ಹೆಸರಿನಿಂದಲೇ ಲೋಕಪ್ರಸಿದ್ಧವಾಗಿರುವ ನ್ಯಾಯಾಂಗ ನಡತೆಯ ತತ್ತ್ವಗಳು ಸ್ನೇಹವನ್ನು ನಿಷೇಧಿಸದೆ, ವಿವೇಕಿಯಾದ ಮೂರನೆಯವನೊಬ್ಬನು ನೋಡಿದರೆ ಏನೆನ್ನಿಸೀತು ಎಂಬ ಅಳತೆಯನ್ನು ಮುಂದಿಡುತ್ತವೆ. ನನ್ನ ಮನಸ್ಸು ಶುದ್ಧವಾಗಿದೆಯೆಂದು ನಾನೇ ಸಾಕ್ಷಿ ಹೇಳಿಕೊಳ್ಳುವ ಸುಖವನ್ನು ಈ ಅಳತೆ ಕಸಿದುಕೊಳ್ಳುತ್ತದೆ. 2023ರ ನವೆಂಬರಿನಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ಮಂದಿ ನ್ಯಾಯಮೂರ್ತಿಗಳೂ ಸಹಿಮಾಡಿ ಹೊರಡಿಸಿದ ನಡತೆಯ ಸಂಹಿತೆಯಲ್ಲಿ, ಅದನ್ನು ಮೀರಿದವರನ್ನು ವಿಚಾರಿಸುವ ವ್ಯವಸ್ಥೆ ಇಲ್ಲದಿರುವುದು ದೊಡ್ಡ ಕೊರತೆ. ನಮ್ಮ ಸರ್ವೋಚ್ಚ ನ್ಯಾಯಾಲಯವು 1997ರಲ್ಲಿ ಅಂಗೀಕರಿಸಿದ ನ್ಯಾಯಾಂಗಜೀವನದ ಮೌಲ್ಯಗಳ ಪಟ್ಟಿಯಾದರೋ, ಕಾಣಿಕೆಗಳನ್ನೂ ಆತಿಥ್ಯವನ್ನೂ ನಿರ್ಬಂಧಿಸುವಾಗ ಕುಟುಂಬದವರ, ಆಪ್ತಬಂಧುಗಳ ಜೊತೆಗೆ ಮಿತ್ರರನ್ನೂ ಹೊರತುಪಡಿಸಿದೆ. ಆ ವಿನಾಯಿತಿಯು ಉಳಿಯುವುದಾದರೆ, ಪೀಠವನ್ನೇರುವ ಮೊದಲೇ ಮಿತ್ರರಾಗಿದ್ದವರಿಗೆ ಮಾತ್ರ, ನ್ಯಾಯಾಧೀಶನು ತನ್ನ ಸಂಬಳದಿಂದ ಮರಳಿ ಕೊಡಬಲ್ಲಷ್ಟಕ್ಕೆ ಮಾತ್ರ ಅದು ಸಲ್ಲಬೇಕು. ಮಿಕ್ಕದ್ದೆಲ್ಲವೂ ನಿರಾಕೃತವಾಗಬೇಕು, ಇಲ್ಲವೆ ಜನರು ಓದುವಂತೆ ವರ್ಷವರ್ಷವೂ ಬರಹದಲ್ಲಿ ಪ್ರಕಟವಾಗಬೇಕು.