ಮೂರು ರಾತ್ರಿಗಳಲ್ಲಿ ಯಾವುದು ನಿಜ?

ಡೀಪ್ ಪರ್ಪಲ್ ತಂಡದ ‘ಮೇಡ್ ಇನ್ ಜಪಾನ್’ ಕೇಳಿದ ಎಷ್ಟೋ ಜನ ಅದನ್ನು ಒಂದೇ ರಾತ್ರಿಯ ಕಛೇರಿ ಎಂದುಕೊಂಡಿರುತ್ತಾರೆ. ಹಾಗಲ್ಲ. 1972ರ ಆಗಸ್ಟ್ 15 ಮತ್ತು 16ರಂದು ಒಸಾಕಾದಲ್ಲಿ, 17ರಂದು ಟೋಕಿಯೋದ ಬುಡೋಕಾನ್‌ನಲ್ಲಿ ತಂಡ ನುಡಿಸಿತು. ಮೂರೂ ರಾತ್ರಿಗಳ ಧ್ವನಿಮುದ್ರಣವಾಯಿತು. ಆಮೇಲೆ ಆರಿಸುವ ಕೆಲಸ. ಆಲ್ಬಮ್ಮಿನ ಏಳು ಹಾಡುಗಳಲ್ಲಿ ನಾಲ್ಕು 16ರವು, ಎರಡು 17ರವು, ಒಂದೇ ಒಂದು 15ರದು. ಒಂದರ ಹಿಂದೊಂದು ಕೇಳುತ್ತಾ ಹೋದರೆ ನಡುವೆ ದಿನ ಬದಲಾದದ್ದು, ಊರು ಬದಲಾದದ್ದು ಗೊತ್ತೇ ಆಗುವುದಿಲ್ಲ.

1993ರಲ್ಲಿ ‘ಲೈವ್ ಇನ್ ಜಪಾನ್’ ಎಂಬ ಹೆಸರಿನಲ್ಲಿ ಆ ಮೂರು ರಾತ್ರಿಗಳ ಬಹುಪಾಲು ಸಂಗೀತ ಮೂರು ಸಿ.ಡಿ.ಗಳಾಗಿ ಹೊರಬಂತು. ಅಂದಿನಿಂದ ಪಕ್ಕಪಕ್ಕ ಇಟ್ಟು ಕೇಳುವ ಚಟ ಶುರುವಾಯಿತು. ನನಗೂ ಅದು ಅಂಟಿಕೊಂಡಿದೆ. ‘ಸ್ಟ್ರೇಂಜ್ ಕೈಂಡ್ ಆಫ್ ವುಮನ್’ ಹಾಡಿನಲ್ಲಿ ರಿಚಿ ಬ್ಲ್ಯಾಕ್‌ಮೋರ್ ಗಿಟಾರಿನಲ್ಲಿ ಒಂದು ಎಳೆ ಎಸೆಯುತ್ತಾನೆ, ಇಯಾನ್ ಗಿಲ್ಲನ್ ಅದನ್ನು ಗಂಟಲಲ್ಲಿ ಹಿಡಿಯುತ್ತಾನೆ. ನಮ್ಮ ಕಡೆಯ ಸವಾಲ್-ಜವಾಬ್ ಇದ್ದ ಹಾಗೆ. ಒಂದು ರಾತ್ರಿ ಇದ್ದಂತೆ ಇನ್ನೊಂದು ರಾತ್ರಿ ಇಲ್ಲ. ಭೀಮಸೇನ ಜೋಶಿಯವರ ಒಂದೇ ರಾಗದ ನಾಲ್ಕೈದು ಕಛೇರಿಗಳನ್ನು ಕೂಡಿಸಿಟ್ಟುಕೊಂಡಿರುವ ಪುಣೆಯ ಕನ್ನಡಿಗರಿಗೆ ಈ ಸುಖವನ್ನು ನಾನು ವಿವರಿಸಬೇಕಾಗಿಲ್ಲ.

ಆದರೆ ಹೀಗೆ ಹೋಲಿಸುತ್ತಾ ಕೂತಾಗ ಒಂದು ಪ್ರಶ್ನೆ ಏಳುತ್ತದೆ. ಆಲ್ಬಮ್ಮಿನಲ್ಲಿ ಇರುವಂಥ ಕಛೇರಿ ಯಾವ ರಾತ್ರಿಯೂ, ಯಾವ ಊರಲ್ಲೂ ನಡೆದೇ ಇಲ್ಲ. ಹಾಗಾದರೆ ಅದು ಸುಳ್ಳೇ?

ಇಲ್ಲಿ ಎರಡು ಬಗೆಯ ಕೆಲಸಗಳನ್ನು ಬೇರೆ ಮಾಡಿ ನೋಡಬೇಕು. ಒಂದು, ಆರಿಸುವುದು. ಇನ್ನೊಂದು, ತಿದ್ದುವುದು. ಗ್ರೇಟ್‌ಫುಲ್ ಡೆಡ್ ತಂಡದ ‘ಯುರೋಪ್ 72’ ಆಲ್ಬಮ್ಮಿನ ಹಾಡುಗಾರಿಕೆಯನ್ನು ಪ್ರವಾಸ ಮುಗಿಸಿ ಬಂದ ಮೇಲೆ ಸ್ಟುಡಿಯೋದಲ್ಲಿ ಮತ್ತೆ ಹಾಡಿ ಸೇರಿಸಿದ್ದುಂಟು. ಥಿನ್ ಲಿಜ್ಜಿಯ 1978ರ ‘ಲೈವ್ ಅಂಡ್ ಡೇಂಜರಸ್’ ಬಗ್ಗೆಯಂತೂ ಜಗಳವೇ ಇದೆ. ಅದರ ಬಹುಪಾಲು ಸ್ಟುಡಿಯೋದಲ್ಲಿ ಮತ್ತೆ ನುಡಿಸಿದ್ದು ಎಂದು ನಿರ್ಮಾಪಕ ಟೋನಿ ವಿಸ್ಕಾಂಟಿ ಹೇಳಿದರೆ, ತಂಡದವರು ಅದನ್ನು ಒಪ್ಪಲಿಲ್ಲ. ಆರಿಸಿದ್ದರಲ್ಲಿ ಪ್ರತಿಯೊಂದು ಸ್ವರವೂ ಎಲ್ಲೋ ಒಂದು ಕಡೆ ಜನರ ಎದುರು ನಡೆದದ್ದು. ತಿದ್ದಿದ್ದರಲ್ಲಿ ಆ ಭರವಸೆ ಇಲ್ಲ.

‘ಊಟ ರುಚಿಯಾಗಿದ್ದರೆ ಸಾಕಪ್ಪಾ, ಒಗ್ಗರಣೆ ಯಾವಾಗ ಹಾಕಿದರು ಅಂತ ಯಾಕೆ ಕೇಳ್ತೀಯಾ?’ ಎನ್ನುತ್ತಾನೆ ನನ್ನ ರೂಮ್‌ಮೇಟ್. ಉಣ್ಣುವವನ ಮಟ್ಟಿಗೆ ಅವನ ಮಾತು ಸರಿ. ‘ಯುರೋಪ್ 72’ ಕೇಳುವಾಗ ನನ್ನ ಸುಖಕ್ಕೇನೂ ಕಡಿಮೆಯಾಗುವುದಿಲ್ಲ. ಆದರೆ ಅಡುಗೆ ಕಲಿಯುತ್ತಿರುವವನೂ ಒಬ್ಬ ಇದ್ದಾನಲ್ಲ? ಎಲ್ಲೋ ಒಂದು ಪಿ.ಜಿ. ಕೋಣೆಯಲ್ಲಿ ಗಿಟಾರ್ ಹಿಡಿದು ಕೂತ ಹುಡುಗ, ತನ್ನ ತಪ್ಪುವ ಬೆರಳುಗಳನ್ನು ಆ ತಪ್ಪಿಲ್ಲದ ‘ಲೈವ್’ ಜೊತೆ ಅಳೆದು ನೋಡುತ್ತಾನೆ. ತನ್ನಿಂದಾಗದು ಎಂದು ವಾದ್ಯವನ್ನು ಮೂಲೆಗಿಡುತ್ತಾನೆ. ಮೋಸ ಆದದ್ದು ಅವನಿಗೆ. ಆರಿಸಿದ ಆಲ್ಬಮ್ ಕೂಡ, ಇದು ಮೂರು ರಾತ್ರಿಗಳ ಸಾರ ಎಂದು ಗೊತ್ತಿಲ್ಲದವನಿಗೆ, ಅಷ್ಟೇ ಮೋಸ ಮಾಡಬಲ್ಲದು.

ಊರು ಬಿಟ್ಟು ಬಂದ ನಮಗೆ ಈ ಆರಿಸುವ ವಿದ್ಯೆ ಚೆನ್ನಾಗಿ ಗೊತ್ತು. ಭಾನುವಾರ ಅಮ್ಮನಿಗೆ ಫೋನ್ ಮಾಡಿದಾಗ ಏಳು ದಿನಗಳಲ್ಲಿ ಎರಡು ದಿನದ ಸುದ್ದಿ ಹೇಳುತ್ತೇವೆ. ಸಂಬಳ ಹೆಚ್ಚಾದದ್ದು, ಕನ್ನಡ ಸಂಘದ ನಾಟಕಕ್ಕೆ ಹೋದದ್ದು. ಜ್ವರ ಬಂದು ಒಬ್ಬರೇ ಮಲಗಿದ್ದ ದಿನ ಅದರಲ್ಲಿ ಬರುವುದಿಲ್ಲ. ಇದನ್ನು ಸುಳ್ಳು ಎನ್ನಲು ನನಗೆ ಮನಸ್ಸಿಲ್ಲ. ಹೇಳಿದ್ದೆಲ್ಲ ನಡೆದದ್ದೇ, ಮತ್ತು ಅಮ್ಮನಿಗೆ ಬೇಕಾದದ್ದು ಮಗ ಚೆನ್ನಾಗಿದ್ದಾನೆ ಎಂಬ ಸಮಾಧಾನ. ಅವಳು ಅದರ ಜೊತೆ ತನ್ನನ್ನು ಅಳೆದುಕೊಳ್ಳುವುದಿಲ್ಲ.

ಆದರೆ ಫೋನಿನ ಸ್ಪೀಕರ್ ಆನ್ ಇರುತ್ತದೆ. ಪಕ್ಕದಲ್ಲಿ ಚಿಕ್ಕಪ್ಪನ ಮಗ ಕೂತು ಕೇಳುತ್ತಿರುತ್ತಾನೆ. ಮುಂದಿನ ವರ್ಷ ಅವನೂ ಬ್ಯಾಗು ಹೊತ್ತು ಇಲ್ಲಿಗೆ ಬರುವವನು. ಬಂದ ಮೊದಲ ಮೂರು ತಿಂಗಳು ಭಾಷೆ ಬಾರದೆ, ಊಟ ಸೇರದೆ, ಆಫೀಸಿನಲ್ಲಿ ಬಾಯಿ ಬಿಡಲಾರದೆ ಒದ್ದಾಡುವಾಗ, ಅಣ್ಣನಿಗೆ ಹೀಗೆಲ್ಲ ಆಗಿರಲಿಲ್ಲ, ನಾನೇ ಲಾಯಕ್ಕಿಲ್ಲದವನು ಎಂದುಕೊಳ್ಳುತ್ತಾನೆ. ಅದೇ ಮಾತು ಅಮ್ಮನ ಕಿವಿಗೆ ನಿಜವಾಗಿದ್ದು ಇವನ ಕಿವಿಗೆ ಸುಳ್ಳಾಗುತ್ತದೆ. ಹಾಗಾಗಿ ಆರಿಸುವುದು ತಪ್ಪೋ ಸರಿಯೋ ಎಂಬುದಕ್ಕಿಂತ, ಯಾರು ಅದನ್ನು ಅಳತೆಗೋಲು ಮಾಡಿಕೊಳ್ಳುತ್ತಾರೆ ಎಂಬುದನ್ನು ಕೇಳಿಕೊಳ್ಳುವುದು ಮೇಲು ಎಂದು ನನಗನಿಸುತ್ತದೆ. ಅಮ್ಮನಿಗೆ ಆಲ್ಬಮ್ ಸಾಕು. ತಮ್ಮನಿಗೆ ಮೂರು ರಾತ್ರಿಗಳನ್ನೂ ಕೇಳಿಸುವ ಸಾಲ ನಮ್ಮ ಮೇಲಿದೆ.

ಗ್ರೇಟ್‌ಫುಲ್ ಡೆಡ್‌ನವರ ಆ ಯುರೋಪ್ ಪ್ರವಾಸದ ಎಲ್ಲ 22 ಕಛೇರಿಗಳೂ 2011ರಲ್ಲಿ 73 ಸಿ.ಡಿ.ಗಳಾಗಿ ಬಂದವು. ಅಷ್ಟನ್ನೂ ಕೂತು ಕೇಳುವವರು ಕಡಿಮೆ. ಆದರೂ ಅದು ಇರುವುದು ಒಳ್ಳೆಯದು. ಆರಿಸಿದ್ದನ್ನು ಪರೀಕ್ಷಿಸಬೇಕೆನಿಸಿದವನಿಗೆ ಒಂದು ಬಾಗಿಲು ತೆರೆದಿದೆ.

ಇನ್ನೊಂದು ಮಾತು. ಜಪಾನಿನ ಮೂರು ರಾತ್ರಿಗಳಲ್ಲಿ ಆಲ್ಬಮ್ಮಿಗೆ ಒಂದೇ ಹಾಡು ಕೊಟ್ಟದ್ದು ಮೊದಲ ರಾತ್ರಿ ಎಂದೆನಲ್ಲ, ಆ ಹಾಡು ‘ಸ್ಮೋಕ್ ಆನ್ ದ ವಾಟರ್’. ಡೀಪ್ ಪರ್ಪಲ್ ಎಂದೊಡನೆ ಎಲ್ಲರ ಬಾಯಿಗೆ ಬರುವುದು ಅದೇ. ಎಲ್ಲಕ್ಕಿಂತ ಕಡಿಮೆ ದಕ್ಕಿದ ರಾತ್ರಿಯನ್ನು ಇಡಿಯಾಗಿ ಪಕ್ಕಕ್ಕಿಟ್ಟಿದ್ದರೆ ಅದೂ ಹೋಗುತ್ತಿತ್ತು. ಈ ಊರಿಗೆ ಹೊಸದಾಗಿ ಬಂದು, ಮೊದಲ ತಿಂಗಳುಗಳನ್ನು ನೆನಪಿನಿಂದಲೇ ಅಳಿಸಿಬಿಡಬೇಕು ಎನ್ನುವ ಹುಡುಗರಿಗೆ ನಾನು ಈ ಹಾಡಿನ ತಾರೀಖು ಹೇಳುತ್ತೇನೆ.