ಉತ್ತರ ಬಾರದ ಹೆಸರು

ಧ್ಯಾನಕ್ಕಾಗಿ ಓದತಕ್ಕ ವಾಕ್ಯಗಳು: ಲೂಕ 10ನೇ ಅಧ್ಯಾಯ, 17ರಿಂದ 20ನೇ ವಚನಗಳು, ಅಪೊಸ್ತಲರ ಕೃತ್ಯಗಳು 15ನೇ ಅಧ್ಯಾಯ, 36ರಿಂದ 39ನೇ ವಚನಗಳು.



ವರುಷದ ಕೊನೆಯಲ್ಲಿ ಸುತ್ತಲಿನ ಹಳ್ಳಿಗಳ ಯುವಕ ಸಂಘಗಳವರು ಒಂದು ಸ್ಥಳದಲ್ಲಿ ಕೂಡಿ, ತಮ್ಮ ತಮ್ಮ ವರದಿಗಳನ್ನು ಓದುವದು ನಮ್ಮಲ್ಲಿ ವಾಡಿಕೆಯಾಗಿದೆ. ಪ್ರಾರ್ಥನಾಕೂಟಗಳು ಇಷ್ಟು ನಡೆದವು, ರೋಗಿಗಳ ಮನೆಗಳನ್ನು ಇಷ್ಟು ಸಾರಿ ಸಂಧಿಸಿದೆವು, ದೇವಾಲಯದ ಗೋಡೆಗೆ ಸುಣ್ಣ ಬಳಿದೆವು, ಭಾನುವಾರದ ಶಾಲೆಯ ಮಕ್ಕಳಿಗೆ ಪಾಠ ಹೇಳಿದೆವು, ಕಾಣಿಕೆಯ ಹಣ ಇಷ್ಟು ಕೂಡಿತು ಎಂದು ಕಾರ್ಯದರ್ಶಿಯು ಓದುವಾಗ ಕೂಡಿದವರ ಮುಖಗಳು ಅರಳುತ್ತವೆ. ಇದು ತಪ್ಪಲ್ಲ. ಕರ್ತನು ಕಳುಹಿಸಿದ ಎಪ್ಪತ್ತು ಮಂದಿಯೂ ಹಾಗೆಯೇ ಸಂತೋಷದಿಂದ ಹಿಂದಿರುಗಿ, ತಾವು ಮಾಡಿದ್ದನ್ನೂ ಕಂಡದ್ದನ್ನೂ ಆತನ ಮುಂದೆ ಹೇಳಿಕೊಂಡರಲ್ಲವೇ? ಆತನು ಅವರ ವರದಿಯನ್ನು ತಳ್ಳಿಬಿಡಲಿಲ್ಲ. ಆದರೆ ಅವರ ಸಂತೋಷಕ್ಕೆ ಬೇರೊಂದು ಆಧಾರವನ್ನು ತೋರಿಸಿಕೊಟ್ಟನು. ದೆವ್ವಗಳು ತಮಗೆ ಅಧೀನವಾದವೆಂಬದಕ್ಕಲ್ಲ, ತಮ್ಮ ಹೆಸರುಗಳು ಪರಲೋಕದಲ್ಲಿ ಬರೆಯಲ್ಪಟ್ಟಿವೆ ಎಂಬದಕ್ಕೆ ಅವರು ಸಂತೋಷಪಡಬೇಕೆಂದು ಆತನು ಕಲಿಸಿದನು. ನಾವು ಕೆಲಸಗಳನ್ನು ಎಣಿಸಿದೆವು. ಕರ್ತನಾದರೋ ಹೆಸರುಗಳ ಮಾತನ್ನು ಎತ್ತಿದನು. ಈ ಹೊತ್ತು ನಾವು ಆ ಹೆಸರುಗಳ ವಿಷಯವನ್ನೇ ಧ್ಯಾನಿಸೋಣ.

ಯೌವನಸ್ಥರ ಸಂಘಗಳಲ್ಲಿ ಹೆಸರು ಕರೆಯುವ ಪದ್ಧತಿಯನ್ನು ಲೋಕದ ಅನೇಕ ಸಭೆಗಳಿಗೆ ಪರಿಚಯ ಮಾಡಿಸಿದ್ದು ಕ್ರಿಶ್ಚಿಯನ್ ಎಂಡೆವರ್ ಸಂಘವು, ಅಂದರೆ ಕ್ರೈಸ್ತ ಪ್ರಯತ್ನ ಸಂಘವು. ಅಮೇರಿಕಾ ದೇಶದ ಮೇಯ್ನ್ ಸಂಸ್ಥಾನದಲ್ಲಿ ಪೋರ್ಟ್‌ಲೆಂಡ್ ಎಂಬ ಪಟ್ಟಣವುಂಟು. ಅಲ್ಲಿನ ವಿಲಿಸ್ಟನ್ ಸಭೆಗೆ ಫ್ರಾನ್ಸಿಸ್ ಕ್ಲಾರ್ಕ್ ಎಂಬವರು ಪಾಲಕರಾಗಿದ್ದರು. ಆಗ ಅವರಿಗೆ ಮೂವತ್ತು ವರುಷವೂ ತುಂಬಿರಲಿಲ್ಲ. 1881ನೇ ಇಸವಿಯ ಆರಂಭದಲ್ಲಿ ಆ ಸಭೆಯ ಅನೇಕ ಯೌವನಸ್ಥರ ಹೃದಯಗಳು ದೇವರ ಕಡೆಗೆ ತಿರುಗಿದವು. ಈ ಉತ್ಸಾಹವು ನಾಲ್ಕು ದಿನದ ಹುಲ್ಲಿನ ಬೆಂಕಿಯಾಗಿ ಆರಿಹೋಗಬಾರದೆಂದು ಯೋಚಿಸಿ, ಕ್ಲಾರ್ಕರು ಫೆಬ್ರವರಿ 2ನೇ ತಾರೀಕಿನಲ್ಲಿ ಅವರನ್ನು ತಮ್ಮ ಮನೆಗೆ ಕರೆದು, ತಾವು ಬರೆದಿಟ್ಟ ಕಟ್ಟಳೆಗಳನ್ನು ಓದಿದರು. ಕಟ್ಟಳೆಗಳು ಸುಲಭವಾಗಿರಲಿಲ್ಲ; ಆದರೂ ಯೌವನಸ್ಥರು ಸಹಿ ಹಾಕಿದರು. ಆ ಒಂದು ಮನೆಯ ಕೋಣೆಯಲ್ಲಿ ಹುಟ್ಟಿದ ಸಂಘವು ಬೇರೆ ಬೇರೆ ಸಭೆಗಳಿಗೂ ದೇಶಗಳಿಗೂ ಹರಡಿ, 1909ನೇ ಇಸವಿಯ ನವೆಂಬರ್ ತಿಂಗಳಲ್ಲಿ ಅದರ ಲೋಕಸಮ್ಮೇಳನವು ನಮ್ಮ ದೇಶದ ಆಗ್ರಾ ಪಟ್ಟಣದಲ್ಲಿಯೇ ಕೂಡಿತು.

ಆ ಸಂಘದ ಏರ್ಪಾಡು ಹೇಗಿತ್ತೆಂದು ಸ್ವಲ್ಪ ಕೇಳಿರಿ. ಸದಸ್ಯನು ತನ್ನ ಬಲದಲ್ಲಿ ಅಲ್ಲ, ಕರ್ತನ ಬಲದಲ್ಲಿ ಭರವಸವಿಟ್ಟು ಮಾತು ಕೊಡುತ್ತಿದ್ದನು. ಪ್ರತಿದಿನವೂ ಪ್ರಾರ್ಥನೆ ಮಾಡಿ ದೇವರ ವಾಕ್ಯವನ್ನು ಓದಬೇಕು. ಪ್ರತಿಯೊಂದು ಕೂಟಕ್ಕೆ ಬರಬೇಕು. ಬಂದು ಸುಮ್ಮನೆ ಕೂತಿರದೆ, ಹಾಡಿದ್ದರಿಂದ ಮಾತ್ರ ತೃಪ್ತನಾಗದೆ, ಏನಾದರೂ ಭಾಗ ತೆಗೆದುಕೊಳ್ಳಬೇಕು. ಬಾರದೆ ಹೋದರೆ, ತನ್ನ ರಕ್ಷಕನ ಮುಂದೆ ನಿರ್ಮಲ ಮನಸ್ಸಾಕ್ಷಿಯಿಂದ ಹೇಳಬಹುದಾದ ಕಾರಣವಿರಬೇಕು. ಇನ್ನೂ ಪೂರ್ಣವಾಗಿ ಒಪ್ಪಿಸಿಕೊಡಲು ಧೈರ್ಯವಿಲ್ಲದವರು ಸಹ ಸದಸ್ಯರಾಗಿ ಕೂಟಕ್ಕೆ ಬರಬಹುದಾಗಿತ್ತು. ಪ್ರಾರ್ಥನಾಕೂಟವನ್ನು ನಡಿಸುವದಕ್ಕೆ ಒಂದು ಉಪಸಮಿತಿ, ಹೊಸಬರನ್ನು ಆದರಿಸುವದಕ್ಕೆ ಇನ್ನೊಂದು, ಹೀಗೆ ಕೆಲಸಗಳು ಹಂಚಲ್ಪಡುತ್ತಿದ್ದವು. ಕೆಲವು ಕಡೆಗಳಲ್ಲಿ ಪ್ರಸಂಗಪೀಠವನ್ನು ಅಲಂಕರಿಸಿದ ಹೂವುಗಳನ್ನು ಆರಾಧನೆಯ ನಂತರ ರೋಗಿಗಳ ಮನೆಗೆ ತೆಗೆದುಕೊಂಡು ಹೋಗುವದಕ್ಕೂ ಒಂದು ಉಪಸಮಿತಿ ಇರುತ್ತಿತ್ತು.

ತಿಂಗಳಿಗೊಮ್ಮೆ ಪ್ರತಿಷ್ಠೆಯ ಕೂಟವೆಂಬದು ನಡೆಯುತ್ತಿತ್ತು. ಆಗ ಎಲ್ಲರ ಹೆಸರುಗಳನ್ನೂ ಒಂದೊಂದಾಗಿ ಕರೆಯುವರು. ಕರೆಯಲ್ಪಟ್ಟವನು ಒಂದು ವಾಕ್ಯದಿಂದಾಗಲಿ, ಪ್ರಾರ್ಥನೆಯಿಂದಾಗಲಿ, ಸಾಕ್ಷಿಯ ಮಾತಿನಿಂದಾಗಲಿ ಉತ್ತರ ಕೊಡುವನು. ಒಬ್ಬನ ಹೆಸರಿಗೆ ಉತ್ತರ ಬಾರದೆ ಹೋದರೆ ಏನು ಮಾಡಬೇಕು? ಇದಕ್ಕೆ ಕಟ್ಟಳೆಯಲ್ಲಿ ಎರಡು ಮಾತುಗಳುಂಟು. ಮೊದಲನೆಯದು, ಮೇಲ್ವಿಚಾರಣೆಯ ಉಪಸಮಿತಿಯವರು ಆ ಹೆಸರನ್ನು ಗುರುತು ಮಾಡಿಕೊಂಡು, ಅವನ ಬಳಿಗೆ ಹೋಗಿ, ಸಹೋದರಭಾವದಿಂದಲೂ ದಯೆಯಿಂದಲೂ ಕಾರಣವನ್ನು ವಿಚಾರಿಸಬೇಕು. ಎರಡನೆಯದು, ಕಾರಣವನ್ನು ತಿಳಿಸದೆ ಮೂರು ತಿಂಗಳ ಪ್ರತಿಷ್ಠೆಯ ಕೂಟಗಳಿಗೆ ಸಾಲಾಗಿ ಬಾರದವನ ಹೆಸರನ್ನು ಪಟ್ಟಿಯಿಂದ ತೆಗೆಯಬೇಕು.

ಪ್ರಿಯರೇ, ಈ ಎರಡು ಮಾತುಗಳ ಕ್ರಮವನ್ನು ನೋಡಿರಿ. ಹುಡುಕುವದು ಮೊದಲು, ತೆಗೆಯುವದು ಆಮೇಲೆ. ನಮ್ಮ ಸಂಘಗಳಲ್ಲಿ ನಡೆಯುವದೇನು? ಎರಡನೆಯದನ್ನು ನೆನಪಿನಲ್ಲಿಟ್ಟುಕೊಂಡಿದ್ದೇವೆ, ಮೊದಲನೆಯದನ್ನು ಮರೆತುಬಿಟ್ಟಿದ್ದೇವೆ. ಹೆಸರು ತೆಗೆಯುವದಕ್ಕೆ ಲೇಖನಿಯ ಒಂದು ಗೆರೆ ಸಾಕು. ಹುಡುಕುವದಕ್ಕಾದರೋ ಕಾಲು ಬೇಕು, ಹೊತ್ತು ಬೇಕು, ತಗ್ಗಿದ ಮನಸ್ಸು ಬೇಕು.

ಇದನ್ನು ಹೇಳುವ ನಾನೇ ಈ ತಪ್ಪಿಗೆ ಒಳಗಾದವನು. ನಾನು ಇಪ್ಪತ್ತು ವರುಷದವನಾಗಿದ್ದಾಗ ಒಂದು ಸಭೆಯ ಯುವಕ ಸಂಘಕ್ಕೆ ಕಾರ್ಯದರ್ಶಿಯಾಗಿದ್ದೆನು. ನನ್ನ ಅಕ್ಷರವು ಚೆನ್ನಾಗಿತ್ತು, ವರದಿಯೂ ಉದ್ದವಾಗಿತ್ತು. ಅದರ ಕೊನೆಯಲ್ಲಿ, ಪಟ್ಟಿಯಿಂದ ತೆಗೆಯಲ್ಪಟ್ಟವನು ಒಬ್ಬನೆಂದು ಬರೆದು ಓದಿದೆನು. ಕೂಟ ಮುಗಿದ ಮೇಲೆ ಒಬ್ಬ ವಿಧವೆಯು ಬಾಗಿಲ ಬಳಿಯಲ್ಲಿ ನಿಂತು, “ಅಪ್ಪಾ, ಎಲ್ಲರ ಹೆಸರನ್ನೂ ಓದಿದಿ, ನನ್ನ ಮಗನ ಹೆಸರನ್ನು ಓದಲಿಲ್ಲವಲ್ಲಾ. ಅವನು ಏನು ತಪ್ಪು ಮಾಡಿದನು?” ಎಂದು ಕೇಳಿದಳು. ನನ್ನಿಂದ ಉತ್ತರ ಹೇಳುವದಕ್ಕೆ ಆಗಲಿಲ್ಲ. ಅವನು ತಪ್ಪು ಮಾಡಿದನೋ ಇಲ್ಲವೋ ಎಂಬದು ನನಗೆ ಗೊತ್ತಿರಲಿಲ್ಲ. ಅವನು ಬರುವದನ್ನು ಬಿಟ್ಟನೆಂದು ಮಾತ್ರ ಗೊತ್ತಿತ್ತು.

ಆ ರಾತ್ರಿ ನಾನು ಅವನ ಮನೆಗೆ ಹೋದೆನು. ಬೆಳಕು ಸಾಲದ ಆ ಜಗಲಿಯ ಮೇಲೆ ಅವನು ಬಹಳ ಹೊತ್ತು ಮಾತಾಡದೆ ಕೂತಿದ್ದು, ಕಡೆಗೆ, “ಅಣ್ಣಾ, ನೀವು ಪುಸ್ತಕವನ್ನು ಕೈಯಿಂದ ಕೈಗೆ ದಾಟಿಸಿ ಒಬ್ಬೊಬ್ಬರಿಂದ ಒಂದೊಂದು ವಚನವನ್ನು ಓದಿಸುತ್ತೀರಿ. ನನಗೆ ಓದು ಬರುವದಿಲ್ಲ. ಪುಸ್ತಕವು ನನ್ನ ಹತ್ತಿರ ಬರುವಾಗ ಎದೆ ಹೊಡೆದುಕೊಳ್ಳುತ್ತದೆ. ಎರಡು ಸಾರಿ ನೀರು ಕುಡಿಯುವ ನೆವದಿಂದ ಎದ್ದು ಹೊರಗೆ ಹೋದೆನು. ಮೂರನೆಯ ಸಾರಿ ಬರಲೇ ಇಲ್ಲ,” ಎಂದನು. ಕೂಟದ ದಿನ ಚಾಪೆ ಹಾಸುತ್ತಿದ್ದವನು ಅವನೇ. ಮದುವೆಯ ಮನೆಗೆ ನೀರು ಹೊರುತ್ತಿದ್ದವನೂ, ಸತ್ತವರಿಗೆ ಕುಣಿ ತೋಡುತ್ತಿದ್ದವನೂ ಅವನೇ. ಇವುಗಳಲ್ಲಿ ಯಾವದನ್ನಾದರೂ ನಾವು ಭಾಗ ತೆಗೆದುಕೊಳ್ಳುವದೆಂದು ಎಣಿಸಿರಲಿಲ್ಲ. ಅವನಿಗೆ ಬಾಯಿಪಾಠವಾಗಿ ಒಂದು ಕೀರ್ತನೆಯನ್ನು ಕಲಿಸುತ್ತೇನೆಂದು ನಾನು ಹೇಳಿದೆನು. ಆದರೆ ಅವನು ಆಗಲೇ ಮೇಸ್ತ್ರಿಯಿಂದ ಮುಂಗಡ ಹಣವನ್ನು ತೆಗೆದುಕೊಂಡಿದ್ದನು. ಆ ವಾರವೇ ಕಾಫಿ ತೋಟದ ಕೆಲಸಕ್ಕೆ ಘಟ್ಟ ಹತ್ತಿದನು. ಮುಂದಿನ ವರುಷ ನಾನು ಸೆಮಿನರಿಗೆ ಹೋದೆನು. ಅವನನ್ನು ನಾನು ತಿರುಗಿ ಕಾಣಲಿಲ್ಲ. ಮೂರು ತಿಂಗಳು ಮುಂಚೆ ಆ ಜಗಲಿಗೆ ಹೋಗಿದ್ದರೆ ಎಂಬ ಯೋಚನೆಯು ಇಂದಿನ ವರೆಗೂ ನನ್ನನ್ನು ಬಿಟ್ಟಿಲ್ಲ.

ಅಪೊಸ್ತಲರ ಕಾಲದ ಸಭೆಯಲ್ಲಿಯೂ ಹೀಗೆ ಪಟ್ಟಿಯಿಂದ ಬಿಟ್ಟುಹೋದ ಒಬ್ಬ ಯೌವನಸ್ಥನಿದ್ದನು. ಅವನು ಯೋಹಾನನೆಂಬ ಮಾರ್ಕನು. ಒಳ್ಳೇ ಮನೆಯವನು, ಯೆರೂಸಲೇಮಿನಲ್ಲಿ ಅವನ ತಾಯಿಯಾದ ಮರಿಯಳ ಮನೆಯಲ್ಲಿ ಅನೇಕರು ಕೂಡಿ ಪ್ರಾರ್ಥನೆ ಮಾಡುತ್ತಿದ್ದರು. ಪೌಲ ಬಾರ್ನಬರ ಮೊದಲನೆಯ ಸಂಚಾರದಲ್ಲಿ ಅವನು ಅವರ ಸಂಗಡ ಹೊರಟನು. ಆದರೆ ಪಂಫುಲ್ಯದ ಪೆರ್ಗೆಗೆ ಬಂದಾಗ ಅವರನ್ನು ಬಿಟ್ಟು ಮನೆಗೆ ಹಿಂದಿರುಗಿದನು. ಯಾಕೆ ಹಿಂದಿರುಗಿದನೆಂದು ಲೂಕನು ಬರೆಯಲಿಲ್ಲ. ಪೌಲನು ಎರಡನೆಯ ಸಂಚಾರಕ್ಕೆ ಹೊರಡುವಾಗ, ಕೆಲಸವನ್ನು ನಡುವೆ ಬಿಟ್ಟವನನ್ನು ಕರಕೊಂಡು ಹೋಗುವದು ಸರಿಯಲ್ಲವೆಂದನು. ಬಾರ್ನಬನಾದರೋ ಅವನನ್ನು ಬಿಡಲೊಲ್ಲದೆ ಹೋದನು. ಇಬ್ಬರು ಅಪೊಸ್ತಲರೊಳಗೆ ತೀಕ್ಷ್ಣವಾದ ವಾಗ್ವಾದವೇ ಉಂಟಾಗಿ ಅವರು ಅಗಲಿದರು. ಬಾರ್ನಬನು ಮಾರ್ಕನನ್ನು ಕರಕೊಂಡು ಹಡಗು ಹತ್ತಿ ಕುಪ್ರದ್ವೀಪಕ್ಕೆ ಹೋದನು.

ಕೆಲಸವು ಕೆಡಬಾರದೆಂದು ಪೌಲನು ಚಿಂತಿಸಿದನು. ಅದು ಅವಶ್ಯವಾದ ಚಿಂತೆಯೇ. ಮನುಷ್ಯನು ಕೆಡಬಾರದೆಂದು ಬಾರ್ನಬನು ಚಿಂತಿಸಿದನು. ಇದರ ಫಲವೇನಾಯಿತು? ವರುಷಗಳು ಕಳೆದ ಮೇಲೆ ಅದೇ ಪೌಲನು ಸೆರೆಯಲ್ಲಿದ್ದುಕೊಂಡು, ಮಾರ್ಕನು ಬಂದರೆ ಅವನನ್ನು ಸೇರಿಸಿಕೊಳ್ಳಿರೆಂದು ಕೊಲೊಸ್ಸೆಯವರಿಗೆ ಬರೆದನು. ತಿಮೊಥೆಯನಿಗೆ ಬರೆದ ಎರಡನೆಯ ಪತ್ರಿಕೆಯ ಕೊನೆಯಲ್ಲಿ, ಮಾರ್ಕನು ಸೇವೆಗೆ ಉಪಯುಕ್ತನಾಗಿರುವದರಿಂದ ಅವನನ್ನು ಕರಕೊಂಡು ಬಾ ಎಂದು ಕೇಳಿಕೊಂಡನು. ಎರಡನೆಯ ಸುವಾರ್ತೆಯನ್ನು ಬರೆದವನು ಈ ಮಾರ್ಕನೇ ಎಂಬದು ಪುರಾತನ ಸಭೆಯ ಸಾಕ್ಷಿ. ಒಬ್ಬನು ಹುಡುಕಿಕೊಂಡು ಹೋದದ್ದರಿಂದ ಎಷ್ಟು ದೊಡ್ಡ ಲಾಭವಾಯಿತೆಂದು ಎಣಿಸಿ ನೋಡಿರಿ.

ಆದಕಾರಣ ಸಂಘಗಳ ಅಧಿಕಾರಿಗಳಾದ ಯೌವನಸ್ಥರಿಗೆ ನಾನು ಹೇಳುವದೇನಂದರೆ, ಈ ಸಾರಿ ವರದಿಯನ್ನು ಬರೆಯುವ ಮೊದಲು ಪಟ್ಟಿಯನ್ನು ಮುಂದಿಟ್ಟುಕೊಂಡು, ಉತ್ತರ ಬಾರದ ಹೆಸರುಗಳನ್ನು ಬೇರೆ ಕಾಗದದಲ್ಲಿ ಬರೆಯಿರಿ. ಅವುಗಳನ್ನು ಕೂಟದಲ್ಲಿ ಗಟ್ಟಿಯಾಗಿ ಓದಿ ಯಾರನ್ನೂ ನಾಚಿಸಬೇಡಿರಿ. ನಿಮ್ಮಲ್ಲಿ ಒಬ್ಬೊಬ್ಬನು ಒಂದೊಂದು ಹೆಸರನ್ನು ತೆಗೆದುಕೊಂಡು, ಮೊದಲು ಪ್ರಾರ್ಥಿಸಿ, ಆಮೇಲೆ ಅವನ ಮನೆಗೆ ಹೋಗಲಿ. ಹೋದವನು ಗದರಿಸದೆ ಕೇಳಲಿ. ಕೇಳಿದ ಮೇಲೆ, ತಪ್ಪು ಸಂಘದ್ದಾಗಿದ್ದರೆ ಸಂಘವೇ ತಿದ್ದಿಕೊಳ್ಳಲಿ. ಓದುಬಾರದವನಿಗೆ ಬಾಯಿಪಾಠವನ್ನು ಕಲಿಸಿರಿ. ಕೂಲಿಯಿಂದ ಕತ್ತಲಾದ ಮೇಲೆ ಬರುವವನಿಗಾಗಿ ಕೂಟದ ಹೊತ್ತನ್ನು ಬದಲಾಯಿಸಿರಿ. ಒಳ್ಳೇ ಅಂಗಿ ಇಲ್ಲವೆಂದು ಹಿಂಜರಿಯುವವನ ಪಕ್ಕದಲ್ಲಿ ನೀವೇ ಹೋಗಿ ಕೂತುಕೊಳ್ಳಿರಿ. ಹುಡುಕಿದ ಮೇಲೆಯೂ ಬರಲೊಲ್ಲದವನ ಹೆಸರನ್ನು ಸಂಖ್ಯೆ ಹೆಚ್ಚಿಸುವದಕ್ಕಾಗಿ ಸುಳ್ಳಾಗಿ ಇಟ್ಟುಕೊಳ್ಳಬೇಡಿರಿ. ಆದರೆ ಪಟ್ಟಿಯಿಂದ ತೆಗೆದ ಹೆಸರನ್ನು ಪ್ರಾರ್ಥನೆಯಿಂದ ತೆಗೆಯಬೇಡಿರಿ.

ಊರೂರಿನ ಸಂಘಗಳು ಒಂದಾಗಿ ಸೇರಿರುವದಕ್ಕೆ ಇದಕ್ಕಿಂತ ಉತ್ತಮವಾದ ಪ್ರಯೋಜನವು ಯಾವದು? ನಮ್ಮ ಹಳ್ಳಿಗಳ ಹುಡುಗರೂ ಹುಡುಗಿಯರೂ ಕೆಲಸಕ್ಕಾಗಿ ಬೆಂಗಳೂರಿಗೂ ಮಂಗಳೂರಿಗೂ ಘಟ್ಟದ ತೋಟಗಳಿಗೂ ಹೋಗುತ್ತಾರೆ. ಇಲ್ಲಿನ ಪಟ್ಟಿಯಲ್ಲಿ ಅವರ ಹೆಸರು ಹೋಗುತ್ತದೆ, ಅಲ್ಲಿನ ಪಟ್ಟಿಯಲ್ಲಿ ಬರುವದಿಲ್ಲ. ನಡುವೆ ಅವರು ಯಾರಿಗೂ ಸೇರದವರಾಗುತ್ತಾರೆ. ಒಬ್ಬನು ಊರು ಬಿಟ್ಟ ವಾರದಲ್ಲಿಯೇ, ಅವನು ಹೋಗಿ ಸೇರಿದ ಸ್ಥಳದ ಸಭಾಪಾಲಕರಿಗೆ ಒಂದು ಕಾಗದವನ್ನಾದರೂ ಬರೆಯಿರಿ, ಇಲ್ಲವೆ ಫೋನು ಮಾಡಿ ತಿಳಿಸಿರಿ. ಒಂದು ಹಳ್ಳಿಯಲ್ಲಿ ತಪ್ಪಿಹೋದ ಹೆಸರು ಮತ್ತೊಂದು ಊರಲ್ಲಿ ಸಿಕ್ಕುವಂತಾಗಲಿ.

ಕೂಟಕ್ಕೆ ಬರುವದನ್ನು ಬಿಟ್ಟಿರುವ ತಮ್ಮನೇ, ತಂಗಿಯೇ, ನಿನಗೂ ಒಂದು ಮಾತು. ನಾವು ನಿನ್ನನ್ನು ಹುಡುಕದೆ ಹೋದದ್ದು ನಮ್ಮ ಪಾಪ. ಆದರೆ ನಮ್ಮ ಅಲಕ್ಷ್ಯವನ್ನು ನೋಡಿ ಕರ್ತನೂ ಹಾಗೆಯೇ ಎಂದು ತಿಳಿಯಬೇಡ. ತೊಂಭತ್ತೊಂಭತ್ತು ಕುರಿಗಳನ್ನು ಬಿಟ್ಟು ಒಂದಕ್ಕಾಗಿ ಅಡವಿಗೆ ಹೋದ ಕುರುಬನು ಆತನೇ. ಆತನು ನಿನ್ನ ಹೆಸರನ್ನು ಬಲ್ಲನು. ಆತನ ಮುಂದೆ ನೀನು ಓದಿ ತೋರಿಸಬೇಕಾದದ್ದು ಏನೂ ಇಲ್ಲ. ಆತನು ಕರೆಯುವಾಗ ಇದ್ದೇನೆ ಎಂದು ಹೇಳಿದರೆ ಸಾಕು.

ತಂದೆತಾಯಿಗಳೇ, ಹಿರಿಯರೇ, ಯೌವನಸ್ಥರ ಕೂಟವು ಅವರವರ ಕೆಲಸವೆಂದು ಸುಮ್ಮನಿರಬೇಡಿರಿ. ಆ ವಿಧವೆಯು ಬಾಗಿಲ ಬಳಿಯಲ್ಲಿ ಕೇಳಿದಂತೆ ನೀವೂ ಕೇಳಿರಿ. ಅಂಥ ಒಂದು ಪ್ರಶ್ನೆಯು ಅನೇಕ ವರದಿಗಳಿಗಿಂತ ಹೆಚ್ಚಾಗಿ ಸಂಘವನ್ನು ಎಚ್ಚರಿಸುತ್ತದೆ.

ನಮ್ಮ ಹೆಸರುಗಳನ್ನು ತನ್ನ ರಕ್ತದ ಬೆಲೆಯಿಂದ ಪರಲೋಕದಲ್ಲಿ ಬರೆಯಿಸಿದ ಕರ್ತನು, ತಪ್ಪಿಹೋದವರನ್ನು ಹುಡುಕುವ ಮನಸ್ಸನ್ನೂ ನಡೆಯುವ ಕಾಲುಗಳನ್ನೂ ನಮ್ಮ ಯೌವನಸ್ಥರಿಗೆ ಅನುಗ್ರಹಿಸಲಿ. ಆಮೆನ್.